ಉಂಗುರದ ಪಿಳ್ಳಣ್ಣನ ಮುಹೂರ್ತ

ಸ್ಕಾರ್ಪಿಯೋ ಎರಡನೇ ಸಲ ಗುದ್ದಿತು.

ಧಡ್!

ಓಮ್ನಿಯ ಹಿಂದಿನ ಬಾಗಿಲು ಅರ್ಧ ಕಿತ್ತುಕೊಂಡು ಪಟಪಟ ಬಡಿಯತೊಡಗಿತು. ಒಂದು ಮೂಟೆ ಚೆಂಡುಹೂವು ಬಾಯಿ ಬಿಚ್ಚಿಕೊಂಡು ಬಾಶೆಟ್ಟಿಹಳ್ಳಿ ರಸ್ತೆಯುದ್ದಕ್ಕೂ ಚೆಲ್ಲಿತು. ನಾನು ಆಕ್ಸಿಲರೇಟರ್ ಮೇಲೆ ನಿಂತೇಬಿಟ್ಟೆ.

"ಸಾರ್!" ಹೂವಿನ ಮೂಟೆಗಳ ಅಡಿಯಿಂದ ಮದುವೆ ಗಂಡು ಕೂಗಿದ. "ಬಾಸಿಂಗ ಬಗ್ಗೋಯ್ತು ಸಾರ್!"

"ತಲೆ ನೆಟ್ಟಗೈತಾ?"

"ಐತೆ."

"ಹಂಗಾದ್ರೆ ಬಾಯ್ಮುಚ್ಕೊಂಡು ಮಲ್ಗು!"

ಗಂಡಿನ ವಯಸ್ಸು ಅರವತ್ತು. ಹೆಸರು ಪಿಳ್ಳಣ್ಣ. ತನ್ನ ಕೊನೆಯ ರಾತ್ರಿ ಪಾಳಿ ಮುಗಿಸಿ, ಕೆಲಸದಿಂದ ರಿಟೈರ್ ಆಗಿ, ಫ್ಯಾಕ್ಟರಿ ಗೇಟಿನಿಂದ ಹೊರಗೆ ಬಂದು ಇನ್ನೂ ಸ್ವಲ್ಪ ಹೊತ್ತಾಗಿತ್ತು ಅಷ್ಟೆ. ಕೊರಳಲ್ಲಿ ಕಂಪನಿಯವರು ಹಾಕಿದ ಹಾರ. ಎದೆಗೆ ಅವುಚಿಕೊಂಡಿದ್ದು ಕಂಪನಿಯವರು ಕೊಟ್ಟ ಗೋಡೆ ಗಡಿಯಾರ. ಅದೇ ಬೆಳಿಗ್ಗೆ ದೊಡ್ಡಬೆಳವಂಗಲದ ಕಲ್ಯಾಣ ಮಂಟಪದಲ್ಲಿ ಅವನು ತಾಳಿ ಕಟ್ಟಬೇಕಿತ್ತು.

ಹಿಂದೆ ಬರುತ್ತಿದ್ದವರಿಗೆ ಅವನನ್ನು ಕೊಲ್ಲುವ ಆಸೆಯೇನೂ ಇರಲಿಲ್ಲ. ಮುಹೂರ್ತ ಮೀರುವವರೆಗೆ ಎಲ್ಲಾದರೂ ಕೂಡಿ ಹಾಕಿದ್ದರೆ ಸಾಕಿತ್ತು.

ಯಾಕೆ ಅಂತೀರಾ?

ಚಿನ್ನ ಮೇಡಂ... ಚಿನ್ನ!

ಆ ಪೆನ್ನು ಸ್ವಲ್ಪ ಕೆಳಗಿಡಿ. ನನ್ನ ವಯಸ್ಸು, ನಕ್ಷತ್ರ ಎಲ್ಲಾ ಆಮೇಲೆ ಬರೆದುಕೊಳ್ಳುವಿರಂತೆ. ಮೊದಲು ಕತೆ ಕೇಳಿ.

ನನ್ನ ಹೆಸರು ಬೀರೇಶ್. ದೊಡ್ಡಬಳ್ಳಾಪುರದ ಹಳೇ ಬಸ್ ಸ್ಟ್ಯಾಂಡ್ ಹತ್ತಿರ, ಬೇಕರಿಯ ಮೇಲಿನ ರೂಮೇ ನನ್ನ ಆಫೀಸು. ಮೊದಲು ಕಂತು ಕಟ್ಟದವರ ಗಾಡಿಗಳನ್ನು ಎತ್ತಿಕೊಂಡು ಬರುತ್ತಿದ್ದೆ. ಈಗ ಬೇರೆಯವರ ಕೈಯಲ್ಲಿ ಆಗದ ಕೆಲಸ ಮಾಡಿಸಿಕೊಡುತ್ತೇನೆ. ಬಾಡಿಗೆ ಕೊಡದೆ ಕೂತವನನ್ನು ಎಬ್ಬಿಸುವುದು, ಓಡಿಹೋದ ಅಳಿಯನನ್ನು ಹುಡುಕುವುದು... ಅಂಥವು. ಬಲಗೈಯಲ್ಲಿ ಒಂದು ದಪ್ಪ ಚಿನ್ನದ ಉಂಗುರ ಇತ್ತು. ಮಾತಿಗೆ ಬಗ್ಗದವರ ಕೆನ್ನೆಯ ಮೇಲೆ ಅದರ ಗುರುತು ಬೀಳುತ್ತಿತ್ತು.

ಬೆರಳಿನ ಮೇಲಿನ ಈ ಬಿಳಿ ಕಲೆ ನೋಡುತ್ತಿದ್ದೀರಾ? ಹೌದು, ಈಗ ಅದು ಇಲ್ಲ. ಅದನ್ನೂ ಹೇಳುತ್ತೇನೆ.

ಮದುವೆಗೆ ಎರಡು ವಾರ ಮೊದಲು ಪಿಳ್ಳಣ್ಣ ನನ್ನ ಆಫೀಸಿಗೆ ಬಂದ. ಚಪ್ಪಲಿಯನ್ನು ಮೆಟ್ಟಿಲ ಮೇಲೇ ಬಿಟ್ಟಿದ್ದ. ಕುರ್ಚಿಯ ತುದಿಯಲ್ಲಿ ಕೂತ.

"ಸಾರ್, ನಾನು ಮದುವೆ ಆಗ್ತಿದೀನಿ. ನಿಲ್ಲಿಸ್ತೀವಿ ಅಂತಾವ್ರೆ."

"ಯಾರು? ಹೆಣ್ಣಿನ ಕಡೆಯೋರಾ?"

"ಹೆಣ್ಣಿಗೆ ಐವತ್ತೈದು ಸಾರ್. ಅವಳ ಕಡೆಯೋರು ಅಂತ ಯಾರೂ ಇಲ್ಲ."

"ಮತ್ತೆ?"

"ನಮ್ಮ ನೆಂಟರು ಸಾರ್. ಎಲ್ಲಾರೂವೆ!"

ನನಗೆ ನಗು ಬಂತು. ಅವನಿಗೆ ಬರಲಿಲ್ಲ.

"ರಿಟೈರ್ ಆಗ್ತಿದೀಯಾ. ಪಿ.ಎಫ್. ಎಷ್ಟು ಬರ್ತೈತೆ?"

"ನಮ್ಮವ್ವನ ಆಪರೇಷನ್‌ಗೆ ಬಿಡಿಸ್ಕೊಂಬಿಟ್ಟೆ."

"ಬ್ಯಾಂಕು?"

"ಬ್ಯಾಂಕಲ್ಲಿ ಐತೆ ಅಂತ ಗೊತ್ತಾದ್ರೆ ಕೈಸಾಲ ಕೇಳ್ತಾರೆ ಸಾರ್. ನಂಗೆ ಇಲ್ಲ ಅನ್ನೋಕೆ ಬರಲ್ಲ."

"ಚೀಟಿ?"

"ಚೀಟಿ ನಡೆಸೋನು ಓಡೋದ."

"ಹಂಗಾದ್ರೆ ವಯಸ್ಸಾದ ಕಾಲಕ್ಕೆ ಏನಿಟ್ಕೊಂಡಿದೀಯಪ್ಪಾ?"

ಪಿಳ್ಳಣ್ಣನ ಮುಖ ಅರಳಿತು.

"ಮುಯ್ಯಿ ಸಾರ್!"

ನಿಮಗೆ ನಾನು ಮುಯ್ಯಿಯ ಬಗ್ಗೆ ಹೇಳಬೇಕಾಗಿಲ್ಲ ಮೇಡಂ. ನಿಮ್ಮ ಮನೆ ಮದುವೆಗೆ ನಾನು ಏನು ಓದಿಸುತ್ತೇನೋ, ನನ್ನ ಮನೆ ಮದುವೆಗೆ ನೀವು ಅದನ್ನೇ ತಿರುಗಿ ಓದಿಸಬೇಕು. ಅದೂ ಮೈಕಿನಲ್ಲಿ, ಹೆಸರು ಹಿಡಿದು, ಊಟಕ್ಕೆ ಕೂತವರಿಗೆಲ್ಲ ಕೇಳುವ ಹಾಗೆ! ಎಲ್ಲರೂ ಇಷ್ಟೇ ಮಾಡುತ್ತಾರೆ. ಆದರೆ ಪಿಳ್ಳಣ್ಣ ಒಂದು ಹೆಜ್ಜೆ ಮುಂದೆ ಹೋಗಿದ್ದ. ಪ್ರತಿ ಬೋನಸ್ಸಿಗೂ ಸಣ್ಣ ಸಣ್ಣ ಚಿನ್ನದ ಉಂಗುರ ಮಾಡಿಸಿಟ್ಟುಕೊಳ್ಳುತ್ತಿದ್ದ. ಯಾವ ಮನೆಯಿಂದ ಪತ್ರಿಕೆ ಬಂದರೂ ಹೋಗಿ ಒಂದು ಉಂಗುರ ಓದಿಸಿ, ಊಟ ಮಾಡಿ ಬರುತ್ತಿದ್ದ. ಮೂವತ್ತು ವರ್ಷ!

"ದುಡ್ಡಾಗಿ ಹಾಕ್ಬೋದಿತ್ತಲ್ಲಾ?"

"ನೂರು ಹಾಕಿದ್ರೆ ನೂರೇ ವಾಪಸ್ ಬರ್ತೈತೆ ಸಾರ್. ಆವತ್ತು ನೂರು ರೂಪಾಯಿಗೆ ತಿಂಗಳ ರಾಗಿ ಬರ್ತಿತ್ತು. ಈವತ್ತು ಒಂದೊತ್ತಿನ ತಿಂಡಿ. ಉಂಗುರ ಹಂಗಲ್ಲ. ಉಂಗುರ ಕೊಟ್ಟೋನ್ಗೆ ಉಂಗುರವೇ ಕೊಡ್ಬೇಕು!"

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಚಿನ್ನದ ಇವತ್ತಿನ ರೇಟು ನಿಮಗೂ ಗೊತ್ತು, ನನಗೂ ಗೊತ್ತು.

ಊರಿನವರು ಎಡವಿದ್ದು ಎಲ್ಲಿ ಗೊತ್ತಾ? ಉಂಗುರದ ಪಿಳ್ಳಣ್ಣ ಬ್ರಹ್ಮಚಾರಿ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಸ್ವಂತ ಮನೆಯೂ ಇಲ್ಲ. ಅವನ ಮನೆಯಲ್ಲಿ ಮದುವೆ ಎಲ್ಲಿಂದ ಬರಬೇಕು? ಗೃಹಪ್ರವೇಶ ಎಲ್ಲಿಂದ ಬರಬೇಕು? ಅವನಿಗೆ ತಿರುಗಿ ಕೊಡುವ ದಿನವೇ ಬರುವುದಿಲ್ಲ ಎಂದು ಎಲ್ಲರೂ ಲೆಕ್ಕ ಹಾಕಿದ್ದರು. ಪತ್ರಿಕೆ ಅಚ್ಚಾದ ಕೂಡಲೇ ಮೊದಲು ಅವನಿಗೇ ಕೊಟ್ಟು ಬರುತ್ತಿದ್ದರು. ಉಂಗುರ ಈಸಿಕೊಂಡು, ಅವನ ಬೆನ್ನ ಹಿಂದೆ ನಕ್ಕಿದ್ದೂ ಇದೆ.

ಆಮೇಲೆ ಒಂದು ದಿನ ಪಿಳ್ಳಣ್ಣನೇ ಪತ್ರಿಕೆ ಹಂಚಲು ಬಂದ.

ಮೂರು ಹೋಬಳಿಯ ಜನಕ್ಕೆ ಊಟ ಸೇರಲಿಲ್ಲ! ಒಬ್ಬರು ಜಾತಕ ಕೂಡುವುದಿಲ್ಲ ಅಂದರು. ಇನ್ನೊಬ್ಬರು ಗಂಡಿಗೆ ಶುಗರ್ ಇದೆ ಎಂದು ಹೆಣ್ಣಿಗೆ ಫೋನ್ ಮಾಡಿದರು. ಯಾರೋ ಪುಣ್ಯಾತ್ಮರು ಹೆಸರು ಹಾಕದೆ ಅವನ ರೂಮಿನ ಬಾಗಿಲಿಗೆ ಒಂದು ಜೊತೆ ಕಾವಿ ಬಟ್ಟೆ ಇಟ್ಟು ಹೋಗಿದ್ದರು... ಸನ್ಯಾಸ ತಗೊಳ್ಳಪ್ಪಾ ಅಂತ!

"ಇವರೆಲ್ಲ ಬರೀ ಬಾಯಿ ಸಾರ್," ಅಂದ ಪಿಳ್ಳಣ್ಣ. "ಭಯ ಇರೋದು ಕಾಂತರಾಜುದು."

ಕಾಂತರಾಜು. ಹೆಸರು ಕೇಳಿ ನನ್ನ ಕೈ ತಾನೇ ಮುಷ್ಟಿಯಾಯಿತು. ಲೇಔಟ್ ಮಾಡುವವನು. ಬಿಳಿ ಶರ್ಟು, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ. ನನ್ನಿಂದ ಎರಡು ಟ್ರ್ಯಾಕ್ಟರ್ ಎತ್ತಿಸಿ ಫೀಸು ಕೊಡದವನು. ಅವನ ಮೂರು ಹೆಣ್ಣುಮಕ್ಕಳ ಮದುವೆಗೂ, ಎರಡು ಗೃಹಪ್ರವೇಶಕ್ಕೂ ಪಿಳ್ಳಣ್ಣ ಓದಿಸಿದ್ದ. ಉಂಗುರವಲ್ಲ, ದೊಡ್ಡ ಮನೆಯಲ್ಲಿ ಭದ್ರವಾಗಿರುತ್ತದೆ ಎಂದು ಒಂದೊಂದು ಸಲವೂ ಒಂದೊಂದು ಚಿನ್ನದ ಸರ! ಈಗ ಕಾಂತರಾಜುವಿನ ಲೇಔಟಿನಲ್ಲಿ ಒಂದು ಸೈಟೂ ಹೋಗುತ್ತಿರಲಿಲ್ಲ. ಕೈ ಖಾಲಿ. ಮೈಕಿನ ಮುಂದೆ ಕಡಿಮೆ ಓದಿಸಿದರೆ ಮರ್ಯಾದೆಯೂ ಖಾಲಿ.

"ಒಂದು ಮಾತು ಕೇಳ್ಲಾ?" ಅಂದೆ. "ಮುಯ್ಯಿಗೋಸ್ಕರ ಮದುವೆನಾ, ಮದುವೆಗೋಸ್ಕರ ಮುಯ್ಯಿನಾ?"

ಪಿಳ್ಳಣ್ಣನ ಕಿವಿ ಕೆಂಪಾಯಿತು.

"ಫೀಸು?"

"ಕೈಯಾಗೆ ಏನಿಲ್ಲ ಸಾರ್. ನಿಮ್ಮ ಮದುವೇಲಿ ಓದಿಸ್ತೀನಿ."

"ನಂಗೆ ಮದುವೆ ಗಿದುವೆ ಇಲ್ಲಪ್ಪಾ."

"ನಂಗೂ ಇರ್ಲಿಲ್ಲ ಸಾರ್."

ಈ ಮಾತಿಗೆ ನಾನು ಬಿದ್ದೆ ನೋಡಿ. ಕೆಲಸ ಒಪ್ಪಿಕೊಂಡೆ.

ಪ್ಲಾನು ಸುಲಭದ್ದೇ. ಮದುವೆಯ ಹಿಂದಿನ ದಿನ ಹೆಣ್ಣು ಛತ್ರಕ್ಕೆ ಹೋಗುವುದು. ಗಂಡು ಫ್ಯಾಕ್ಟರಿಗೆ ಹೋಗುವುದು! ಗೇಟಿನಲ್ಲಿ ಸೆಕ್ಯೂರಿಟಿ ಇರುವ ಕಡೆ ಕಾಂತರಾಜುವಿನ ಆಟ ನಡೆಯುವುದಿಲ್ಲ. ಬೆಳಿಗ್ಗೆ ಶಿಫ್ಟ್ ಬಿಡುವ ಗದ್ದಲದಲ್ಲಿ ಹೂವಿನ ಓಮ್ನಿಯಲ್ಲಿ ಅವನನ್ನು ಹೊರಗೆ ತರುವುದು ನನ್ನ ಕೆಲಸ. ಪಿಳ್ಳಣ್ಣನಿಗೂ ಅದೇ ಬೇಕಾಗಿತ್ತು. ಕೊನೆಯ ಶಿಫ್ಟ್ ತಪ್ಪಿಸಿದರೆ ಸಂಬಳ ಹಿಡಿಯುತ್ತಾರೆ ಎಂಬ ಚಿಂತೆ ಅವನದು.

ಎಲ್ಲಾ ಸರಿಯಾಗಿತ್ತು. ಆದರೆ ಗೇಟಿನ ಹತ್ತಿರ ಜೊತೆಯವರು ಅವನನ್ನು ಹೆಗಲ ಮೇಲೆ ಹೊತ್ತು ತಮಟೆ ಬಾರಿಸಿಬಿಟ್ಟರು. ಎದುರಿಗೇ ಸ್ಕಾರ್ಪಿಯೋ ನಿಂತಿತ್ತು...

ಹಾಗಾಗಿ ಓಡಿದೆವು!

ಬಲಕ್ಕೆ ಕಂಪನಿ ಬಸ್ಸುಗಳ ಸಾಲು. ಎಡಕ್ಕೆ ಸ್ಕೂಟರು, ಬೈಕು. ನಾನು ಎರಡರ ನಡುವೆ ನುಗ್ಗಿದೆ. ಒಬ್ಬ ಡ್ರೈವರ್ ನಮ್ಮ ಮನೆಯವರನ್ನೆಲ್ಲ ನೆನೆಸಿಕೊಂಡ. ಸ್ಕಾರ್ಪಿಯೋ ಬಸ್ಸಿನ ಹಿಂದೆ ಸಿಕ್ಕಿಕೊಂಡಿತು.

"ತಪ್ಪಿಸ್ಕೊಂಡ್ವಾ ಸಾರ್?"

"ತಪ್ಪಿಸ್ಕೊಂಡ್ವಿ!"

ತಿರುವು ದಾಟಿದೆ.

ರೈಲ್ವೆ ಗೇಟ್ ಹಾಕಿತ್ತು.

ಮುಂದೆ ಹುಲ್ಲು ತುಂಬಿದ ಟ್ರ್ಯಾಕ್ಟರ್. ಹಿಂದೆ ಮತ್ತೆ ಅದೇ ಸ್ಕಾರ್ಪಿಯೋ. ಪಕ್ಕದಲ್ಲಿ ಚರಂಡಿ. ನಾನು ಇಳಿದೆ. ಅವರೂ ಇಳಿದರು. ಇಬ್ಬರು. ಒಬ್ಬ ದಢೂತಿ, ಕೈಯಲ್ಲಿ ಕಬ್ಬಿಣದ ರಾಡು. ಇನ್ನೊಬ್ಬ ಸಣ್ಣ ವಯಸ್ಸಿನವನು, ಕಿವಿಗೆ ಫೋನು.

"ಹೂಂ ಚಿನ್ನ... ಬಿಜಿ ಇದೀನಿ ಚಿನ್ನ... ಛತ್ರದೋನ್ಗೆ ಅಡ್ವಾನ್ಸ್ ಕೊಟ್ಟೆ... ಆಮೇಲೆ ಮಾಡ್ತೀನಿ."

ದಢೂತಿಯ ಕೆನ್ನೆಗೆ ನನ್ನ ಉಂಗುರದ ಮುದ್ರೆ ಒತ್ತಿದೆ. ಅವನು "ಅಯ್ಯಮ್ಮಾ" ಎಂದು ಹುಲ್ಲಿನ ಮೇಲೆ ಬಿದ್ದ. ಎದ್ದ. ರಾಡು ಬೀಸಿದ. ನನ್ನ ಮೊಣಕಾಲಿಗೆ ಬಿತ್ತು. ಆಕಾಶ, ಟ್ರ್ಯಾಕ್ಟರು, ಹುಲ್ಲು ಎಲ್ಲಾ ಒಂದು ಸುತ್ತು ತಿರುಗಿದವು.

"ಹೊಡೀಬೇಡಿ!" ಪಿಳ್ಳಣ್ಣ ಹಾರ, ಗಡಿಯಾರ, ಬಾಸಿಂಗದ ಡಬ್ಬ ಸಮೇತ ಇಳಿದು ನಿಂತಿದ್ದ. "ನಾನೇ ಬರ್ತೀನಿ. ಅವ್ರನ್ನ ಬಿಡ್ರಪ್ಪಾ."

ಬಿಡಲಿಲ್ಲ. ಇಬ್ಬರನ್ನೂ ಹತ್ತಿಸಿಕೊಂಡರು. ನನ್ನ ಓಮ್ನಿಯನ್ನು ಚರಂಡಿಗೆ ತಳ್ಳಿದರು. ನನ್ನದಲ್ಲ ಬಿಡಿ, ಹೂವಿನ ಮಂಡಿಯವನದು. ಅವನು ಈಗಲೂ ನನ್ನನ್ನು ಹುಡುಕುತ್ತಿದ್ದಾನೆ.

ಗಾಡಿ ಓಡಿಸುತ್ತಿದ್ದವನು ಆ ಫೋನಿನ ಹುಡುಗ. ಹೆಸರು ಅಮರ್ ಎಂದು ದಢೂತಿ ಕೂಗಿದಾಗ ಗೊತ್ತಾಯಿತು. ದಾರಿಯಲ್ಲಿ ಮತ್ತೆ ಫೋನ್ ಬಂತು. ಮತ್ತೆ ಚಿನ್ನ! ಈ ಸಲ ಲೈಟಿಂಗ್ಸ್ ವಿಚಾರ. ಆಮೇಲೆ ಇನ್ನೊಂದು ಸಲ, ಐಸ್‌ಕ್ರೀಮ್ ವಿಚಾರ. ನಾನು ಹಿಂದೆ ಕೂತು ಎಲ್ಲಾ ಕೇಳಿಸಿಕೊಂಡೆ. ಮೊಣಕಾಲು ಸಿಡಿಯುತ್ತಿದ್ದರೂ ಕಿವಿ ಚೆನ್ನಾಗಿಯೇ ಇತ್ತು.

ಕುಂದಾಣದ ಕಡೆ ಒಂದು ಬಯಲು. ದೊಡ್ಡ ಕಮಾನು. ಒಳಗೆ ಸಾಲು ಸಾಲು ಸೈಟಿನ ಕಲ್ಲು, ಒಂದೂ ಮನೆಯಿಲ್ಲ. ತಗಡಿನ ಆಫೀಸಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಂತರಾಜು ಕೂತಿದ್ದ. ಬೆಳ್ಳಗೆ ಹೊಳೆಯುತ್ತಿದ್ದ.

"ಬಾ ಪಿಳ್ಳಣ್ಣ. ಕೂತ್ಕೋ. ಕಾಫಿ ಕುಡೀತೀಯಾ?"

"ಮುಹೂರ್ತ ಐತೆ ಕಾಂತರಾಜು."

"ಅರವತ್ತಕ್ಕೆ ಯಾವ ಮುಹೂರ್ತನಯ್ಯಾ? ನಾಚ್ಕೆ ಆಗಲ್ವಾ?" ಅವನು ಜೇಬಿನಿಂದ ಒಂದು ಕವರ್ ತೆಗೆದ. "ನೋಡು, ನಾನೇನು ಮೋಸಗಾರ ಅಲ್ಲ. ನೀನು ಹಾಕಿದ್ದ ಸರಕ್ಕೆ ಆವತ್ತಿನ ರೇಟು ಕೊಡ್ತೀನಿ. ಇಸ್ಕೊಂಡು ಸೀದಾ ಧರ್ಮಸ್ಥಳದ ಬಸ್ ಹತ್ತು. ಮನಸ್ಸು ಬದಲಾಯ್ತು ಅಂತ ಹೇಳಿದ್ರಾಯ್ತು. ಯಾರೂ ಬೇಜಾರು ಮಾಡ್ಕಳಲ್ಲ. ಎಲ್ಲಾರೂ ನಿನ್ನ ಫೋಟೋ ಇಟ್ಟು ಪೂಜೆ ಮಾಡ್ತಾರೆ!"

ಆವತ್ತಿನ ರೇಟು! ನನಗೆ ರಕ್ತ ಕುದಿಯಿತು.

ಪಿಳ್ಳಣ್ಣ ಕವರನ್ನು ಮುಟ್ಟಲಿಲ್ಲ. ಗಡಿಯಾರವನ್ನು ಎದೆಗೆ ಒತ್ತಿ ಹಿಡಿದುಕೊಂಡ. ಅದರ ಗಾಜು ಒಡೆದಿತ್ತು. ಟಿಕ್ ಟಿಕ್ ಮಾತ್ರ ನಿಂತಿರಲಿಲ್ಲ.

"ಸರ ನೀನೇ ಇಟ್ಕೋ ಕಾಂತರಾಜು," ಅಂದ. "ಬೇಕಾದ್ರೆ ಎಲ್ಲಾರ್ದೂ ಬೇಡ. ನನ್ನನ್ನ ಛತ್ರದತ್ರ ಬಿಟ್ಬಿಡು."

"ಏನು?"

"ಪಾಪಕ್ಕ ಕಾಯ್ತಾವ್ಳೆ."

ಕಾಂತರಾಜು ನಕ್ಕ. "ಕ್ಯಾಂಟೀನ್ ಪಾಪಕ್ಕನಾ?"

"ಹೂಂ. ಕ್ಯಾಂಟೀನ್ ಪಾಪಕ್ಕನೇ. ಮೂವತ್ತು ವರ್ಷದಿಂದ ನಂಗೆ ಬಡಿಸ್ತಾವ್ಳೆ. ಎಲ್ಲಾರ್ಗೂ ಎರಡು ಮುದ್ದೆ. ನನ್ನ ತಟ್ಟೆಗೆ ಮಾತ್ರ ಕೇಳ್ದಂಗೆ ಇನ್ನೊಂದು. ನೈಟ್ ಶಿಫ್ಟ್ ಇದ್ರೆ ಬಿಸಿ ಆರ್ದಂಗೆ ಮುಚ್ಚಿಡ್ತಿದ್ಲು. ಒಂದು ದಿನಾನೂ ಯಾಕೆ ಅಂತ ನಾನು ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ. ಊರವ್ರಿಗೆಲ್ಲ ಮುಯ್ಯಿ ಹಾಕ್ದೆ ಕಾಂತರಾಜು... ಅವಳ ಮುಯ್ಯಿ ಒಂದು ನನ್ನ ಮೇಲೈತೆ."

ಮೇಡಂ, ನಾನು ತಲೆ ಒಡೆದವನು, ಕೈ ಮುರಿದವನು. ಆದರೂ ಆ ಹೊತ್ತು ಕಮಾನಿನ ಕಡೆ ಮುಖ ತಿರುಗಿಸಿಕೊಂಡೆ. ದಢೂತಿ ಕೂಡ ಕೆನ್ನೆ ಸವರಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡ.

ಕಾಂತರಾಜು ಕರಗಲಿಲ್ಲ. ಅವನಿಗೆ ಪಿಳ್ಳಣ್ಣ ಬೇಡ ಅಂದರೂ ಮೈಕು ಬಿಡುವುದಿಲ್ಲ ಎಂದು ಗೊತ್ತಿತ್ತು.

"ಇಬ್ರನ್ನೂ ಒಳಗಾಕ್ರೋ! ಮುಹೂರ್ತ ಮೀರ್ಲಿ, ಆಮೇಲೆ ಬಿಡಿ. ಬ್ರಹ್ಮಚಾರಿಗೆ ಮುಯ್ಯಿ ಕೊಡ್ಬೇಕು ಅಂತ ಎಲ್ಲೈತೆ?"

ಅಮರ್ ನನ್ನ ತೋಳು ಹಿಡಿದುಕೊಂಡ. ಅವನ ಜೇಬಿನಲ್ಲಿ ಫೋನು ಮತ್ತೆ ಕುಯ್ ಕುಯ್ ಅಂದಿತು.

ಈಗ ನೋಡಿ... ಈಗ ನನ್ನ ತಲೆ ಓಡಿತು!

"ಮದುವೆ ಯಾವಾಗ ಗುರು?" ಅಂದೆ.

"ಯಾರ್ದು?"

"ನಿಂದೇ."

"ಮುಂದಿನ ತಿಂಗಳು. ಯಾಕೆ?"

"ನಿಮ್ಮಪ್ಪ ಊರವ್ರಿಗೆಲ್ಲ ಮುಯ್ಯಿ ಹಾಕವ್ರಾ?"

"ಹಾಕ್ದೆ ಇರ್ತಾರಾ? ನಾನು ಹುಟ್ಟೋಕೆ ಮುಂಚಿಂದ ಹಾಕವ್ರೆ. ಅದ್ರಲ್ಲೇ ಐಸ್‌ಕ್ರೀಮು, ಲೈಟಿಂಗ್ಸು ಎಲ್ಲಾ..."

"ಸರಿ. ಈವತ್ತು ಇಂಥಾ ದೊಡ್ಡ ಮನುಷ್ಯ ಮುಯ್ಯಿ ತಿರುಗಿ ಕೊಡ್ದೆ ತಪ್ಪಿಸ್ಕೊಂಡ್ರು ಅಂತ ಇಟ್ಕೋ. ಸಾಯಂಕಾಲದೊಳಗೆ ಮೂರು ಹೋಬಳಿಗೆ ಗೊತ್ತಾಗ್ತೈತೆ. ಅವ್ರೇ ಕೊಡ್ಲಿಲ್ಲ, ನಾವ್ಯಾಕೆ ಕೊಡ್ಬೇಕು ಅಂತಾರೆ ಜನ. ಎಲ್ಲಾರ್ಗಿಂತ ಮೊದಲ್ನೇ ಮದುವೆ ಯಾರ್ದು ಬರ್ತೈತಪ್ಪಾ?"

ಅಮರ್ ಫೋನು ತೆಗೆದ. ಕಟ್ ಮಾಡಿದ.

"ನಿಂದು!" ಅಂದೆ. "ನಿಮ್ಮಪ್ಪ ಹಾಕಿರೋದೆಲ್ಲ ಗೋವಿಂದ. ಐಸ್‌ಕ್ರೀಮ್ ಬದ್ಲು ನೀರು ಮಜ್ಜಿಗೆ ಕೊಡು."

"ಲೇ, ಅವ್ನ ಮಾತು ಕೇಳ್ಬೇಡ ಕಣೋ!" ಕಾಂತರಾಜು ಕುರ್ಚಿಯಿಂದ ಎದ್ದ.

ಅಷ್ಟರಲ್ಲಿ ಪಿಳ್ಳಣ್ಣ ಅಂಗಿ ಜೇಬಿಗೆ ಕೈ ಹಾಕಿದ. ಕೆಂಪು ಕಾಗದದ ಒಂದು ಪುಟ್ಟ ಪೊಟ್ಟಣ ತೆಗೆದ.

"ನಿಮ್ಮಪ್ಪ ಆಗಲೇ ಪತ್ರಿಕೆ ಕೊಟ್ಟೋಗವ್ರೆ ಕಣಪ್ಪಾ. ನಿಂದೂ ಮಾಡ್ಸಿ ಜೇಬಲ್ಲೇ ಇಟ್ಕೊಂಡಿದೀನಿ. ನಿನ್ನ ಮದುವೆಗೆ ನಾನು ಬರದಂಗಾದ್ರೆ... ಇದು ನ್ಯಾಯವಾಗಿ ನಿನಗೇ ಸೇರ್ಬೇಕು."

ಕಿಡ್ನ್ಯಾಪ್ ಮಾಡಿದವನಿಗೆ ಮದುವೆ ಉಂಗುರ! ಇಂಥವನನ್ನು ಏನು ಮಾಡುತ್ತೀರಿ ಹೇಳಿ?

ಅಮರ್ ಉಂಗುರ ನೋಡಿದ. ಫೋನು ನೋಡಿದ. ಕಾಂತರಾಜುವನ್ನು ನೋಡಿದ.

"ಅಣ್ಣಾ, ಕ್ಷಮಿಸ್ಬಿಡಿ," ಅಂದ. "ನಮ್ಮಪ್ಪನ ಮೂವತ್ತು ವರ್ಷ ಅಣ್ಣಾ!"

ನನ್ನ ತೋಳು ಬಿಟ್ಟ. ಸ್ಕಾರ್ಪಿಯೋ ಬಾಗಿಲು ತೆಗೆದ. "ಹತ್ತಿ ಮಾವ! ಹತ್ತಿ ಸಾರ್!"

ದಢೂತಿಯೂ ಓಡಿ ಬಂದು ಹತ್ತಿದ. ಅವನ ತಂಗಿಯ ಮದುವೆ ದೀಪಾವಳಿ ಆದ ಮೇಲೆ ಇತ್ತಂತೆ!

ಕಾಂತರಾಜು ಸೈಟಿನ ಕಲ್ಲುಗಳ ನಡುವೆ ನಮ್ಮ ಹಿಂದೆ ಓಡಿದ. ಒಂದು ಬಿಳಿ ಚಪ್ಪಲಿ ಕಿತ್ತುಹೋಯಿತು. ಆಮೇಲೆ ಧೂಳಿನಲ್ಲಿ ಅವನು ಕಾಣಿಸಲೇ ಇಲ್ಲ.

ಆ ಗಾಡಿ ಓಡಿದ್ದು ನೋಡಬೇಕಿತ್ತು ಮೇಡಂ! ಪಿಳ್ಳಣ್ಣ ಮುಂದೆ ಕೂತು ಬಗ್ಗಿದ ಬಾಸಿಂಗವನ್ನು ನೆಟ್ಟಗೆ ಮಾಡುತ್ತಿದ್ದ. ದಢೂತಿ ಕಿಟಕಿಯಿಂದ ತಲೆ ಹೊರಗೆ ಹಾಕಿ "ದಾರಿ ಬಿಡ್ರೋ, ಮದುವೆ ಗಂಡು!" ಎಂದು ಕೂಗುತ್ತಿದ್ದ. ನಾನು ಒಡೆದ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಟೈಮು ಹೇಳುತ್ತಿದ್ದೆ. ಈ ಸಲ ರೈಲ್ವೆ ಗೇಟ್ ತೆಗೆದಿತ್ತು. ಚರಂಡಿಯಲ್ಲಿದ್ದ ಓಮ್ನಿಯಿಂದ ಹೂವೆಲ್ಲ ಮಾಯವಾಗಿತ್ತು. ದೊಡ್ಡಬಳ್ಳಾಪುರ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ನಾಲ್ಕು ಜನರೂ ಯಾಕೋ ನಗುತ್ತಿದ್ದೆವು.

ದೊಡ್ಡಬೆಳವಂಗಲದ ಛತ್ರ ತುಂಬಿ ತುಳುಕುತ್ತಿತ್ತು. ನಾನು ಎಷ್ಟೋ ಮದುವೆ ನೋಡಿದ್ದೇನೆ. ಗಂಡು ಬರದೇ ಇರಲಪ್ಪಾ ಎಂದು ದೇವರಿಗೆ ಹರಕೆ ಹೊತ್ತು ಕೂತ ನೆಂಟರನ್ನು ನೋಡಿದ್ದು ಅದೇ ಮೊದಲು! ಎಲ್ಲರ ಕಂಕುಳಲ್ಲೂ ಒಂದೊಂದು ಪರ್ಸು. ಎಲ್ಲರ ಕಣ್ಣೂ ಬಾಗಿಲ ಮೇಲೆ.

ಪಿಳ್ಳಣ್ಣ ಬಾಗಿಲಲ್ಲಿ ಕಾಣಿಸಿಕೊಂಡ.

"ಅಯ್ಯೋ..." ಎಂದಿತು ಇಡೀ ಛತ್ರ.

ಪಾಪಕ್ಕ ಮಂಟಪದಿಂದ ಇಳಿದು ಬಂದಳು. ದಪ್ಪ ಜರಿಯ ಸೀರೆ, ಹಣೆಗೆ ಬಾಸಿಂಗ, ಸೊಂಟದ ಮೇಲೆ ಕೈ. ಹಂಡೆಗಟ್ಟಲೆ ಸಾರು ಕಲಕಿದ ಕೈ ಅದು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಎಲ್ಲೋಗಿದ್ದೆ?"

"ಟ್ರಾಫಿಕ್ಕು."

ಅವಳು ಅವನ ಹಾರ ನೋಡಿದಳು. ಮಣ್ಣಾದ ಪಂಚೆ ನೋಡಿದಳು.

"ತಿಂಡಿ ತಿಂದ್ಯಾ?"

"ಇಲ್ಲ."

"ತಾಳಿ ಕಟ್ಟು ಮೊದ್ಲು. ಎತ್ತಿಟ್ಟಿದೀನಿ."

ತಾಳಿ ಬಿತ್ತು. ಅಕ್ಷತೆ ಬಿತ್ತು. ಓಲಗದವರು ಊದಿದರು. ಮೈಕ್ ಹಿಡಿದಿದ್ದವರು ಬೈಲಪ್ಪನವರು. ನಿಮಗೆ ಪರಿಚಯವೇ, ಈ ಕಡೆಯ ಯಾವ ಮದುವೆಯಾದರೂ ಮುಯ್ಯಿ ಓದುವವರು ಅವರೇ. ಆ ಗಂಟಲಿಗೆ ಮೈಕಿನ ಅವಶ್ಯಕತೆಯೇ ಇಲ್ಲ.

ಸಾಲು ಶುರುವಾಯಿತು. ಉಂಗುರ... ಉಂಗುರ... ಉಂಗುರ! ಒಬ್ಬೊಬ್ಬರೂ ಹಲ್ಲು ಕಿತ್ತಿಸಿಕೊಳ್ಳಲು ಬಂದ ಹಾಗೆ ಬಂದರು. ಆದರೂ ಬಂದರು. ಬೈಲಪ್ಪ ಹೆಸರು ಕೂಗುತ್ತಿದ್ದರೆ ಬಾರದೆ ಹೋಗುವ ಧೈರ್ಯ ಯಾರಿಗಿದೆ? ಪಾಪಕ್ಕ ಉಂಗುರಗಳನ್ನು ಒಂದೊಂದಾಗಿ ಅರಿಶಿನದ ದಾರಕ್ಕೆ ಪೋಣಿಸತೊಡಗಿದಳು.

ಆಗ ಹೊರಗೆ ಟಿ.ವಿ.ಎಸ್. ಮೊಪೆಡ್ ಸದ್ದು. ಡೈರಿಗೆ ಹಾಲು ಹಾಕುವವನೊಬ್ಬನ ಹಿಂದೆ, ಎರಡು ಕ್ಯಾನುಗಳ ನಡುವೆ ಸಿಕ್ಕಿಕೊಂಡು ಕಾಂತರಾಜು ಬಂದಿಳಿದ. ಒಂದೇ ಚಪ್ಪಲಿ. ಪ್ಯಾಂಟಿನ ತುಂಬ ಹಾಲು. ನಮ್ಮನ್ನು ತಡೆಯಲು ಬಂದನೋ, ಛತ್ರದಲ್ಲಿ ಕೂತಿದ್ದ ಹೆಂಡತಿಯನ್ನು ಎಳೆದುಕೊಂಡು ಹೋಗಲು ಬಂದನೋ ಗೊತ್ತಿಲ್ಲ. ಬೈಲಪ್ಪ ಅವನನ್ನು ನೋಡಿಬಿಟ್ಟರು.

"ದಯಮಾಡಿ ದಾರಿ ಬಿಡಿ! ಕಾಂತರಾಜು ಅವರು ಮುಯ್ಯಿ ಓದಿಸೋಕೆ ಬರ್ತಾವ್ರೆ!"

ಊಟಕ್ಕೆ ಕೂತವರು ಎಲೆಯ ಮೇಲೆ ಕೈ ನಿಲ್ಲಿಸಿ ಕತ್ತು ಉದ್ದ ಮಾಡಿದರು. ಕಾಂತರಾಜು ಖಾಲಿ ಕೈ ಹೊಸಕುತ್ತಾ ನಿಂತ. ಹಣೆಯಿಂದ ನೀರು ಇಳಿಯುತ್ತಿತ್ತು. ನಿಜ ಹೇಳುತ್ತೇನೆ ಮೇಡಂ, ನನಗೆ ಬಹಳ ಖುಷಿಯಾಯಿತು!

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಲಕ್ಕಮ್ಮ. ಕಾಂತರಾಜುವಿನ ಹೆಂಡತಿ. ನೆಟ್ಟಗೆ ಮಂಟಪ ಹತ್ತಿ, ಸೆರಗಿನ ಗಂಟು ಬಿಚ್ಚಿದಳು.

ಐದು ಸರ!

"ಓದಿ ಬೈಲಪ್ಪ," ಅಂದಳು. "ನಮ್ಮನೆಯಿಂದ."

ಕಾಂತರಾಜುವಿನ ಕಣ್ಣು ಹೊರಗೆ ಬಂದವು. "ಎಲ್ಲೀದೇ ಇದು?!"

"ಹಾಲಿನ ದುಡ್ಡು. ಪಿಳ್ಳಣ್ಣ ಒಂದು ಸರ ಓದಿಸಿದ ವರ್ಷವೇ ನಾನೂ ಒಂದು ತಂದಿಡ್ತಿದ್ದೆ. ಮುಯ್ಯಿ ಬಂದ್ಮೇಲೆ ವಾಪಸ್ ಹೋಗ್ಲೇಬೇಕಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದನ್ನೂ ತಗೊಂಡೋಗಿ ಲೇಔಟಿಗೆ ಹಾಕ್ಬಿಡ್ತಿದ್ರಿ!"

ಮೈಕ್ ಆನ್ ಇತ್ತು. ಬೈಲಪ್ಪ ಆಫ್ ಮಾಡಲು ಹೋಗಲೂ ಇಲ್ಲ. ಛತ್ರವೇ ಬಿದ್ದುಹೋಗುವಷ್ಟು ನಗು! ಕಾಂತರಾಜು ಅಲ್ಲೇ ಖಾಲಿ ಕುರ್ಚಿಯಲ್ಲಿ ಕುಸಿದ. ಸ್ವಲ್ಪ ಹೊತ್ತಾದ ಮೇಲೆ ಪಾಪಕ್ಕನೇ ಅವನ ಎಲೆಗೆ ಲಾಡು ಬಡಿಸಿದ್ದನ್ನು ನಾನು ನೋಡಿದೆ. ಅವನು ತಲೆ ಎತ್ತದೆ ತಿಂದ.

ಮದುವೆ ಹೆಣ್ಣು ಬಡಿಸುತ್ತಿದ್ದಾಳೆ ಅಂತೀರಾ? ಅಭ್ಯಾಸಬಲ. ಆದರೆ ಅವತ್ತೇ ಕೊನೆ ಎಂದು ಸೌಟು ಕೆಳಗಿಟ್ಟಳು. ಈಗ ಇಬ್ಬರೂ ಊರಾಚೆ ಜಗಲಿ ಇರುವ ಒಂದು ಮನೆ ಬಾಡಿಗೆಗೆ ಹಿಡಿದಿದ್ದಾರೆ. ಖರ್ಚಿಗೆ ಬೇಕಾದಾಗ ದಾರದಿಂದ ಒಂದು ಉಂಗುರ ಬಿಚ್ಚುತ್ತಾರೆ. ಆ ದಾರ ಇನ್ನೂ ಬಹಳ ಉದ್ದ ಇದೆ. ಮೊನ್ನೆ ಹೋಗಿದ್ದೆ. ಪಿಳ್ಳಣ್ಣ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ತಟ್ಟೆಯಲ್ಲಿ ಮೂರು ಮುದ್ದೆ. ಗೋಡೆಯ ಮೇಲೆ ಒಡೆದ ಗಾಜಿನ ಗಡಿಯಾರ. ಅಷ್ಟು ನೆಮ್ಮದಿಯಾಗಿ ಊಟ ಮಾಡುವ ಮನುಷ್ಯನನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಹಾಂ... ನನ್ನ ಉಂಗುರ.

ಅವತ್ತು ಊಟ ಮುಗಿಸಿ ಕುಂಟುತ್ತಾ ಹೊರಗೆ ಹೊರಟಿದ್ದೆ. ಮೈಕ್ ಇನ್ನೂ ಕೂಗುತ್ತಿತ್ತು. ನಾನು ಯೋಚನೆ ಮಾಡಿದೆ. ನನಗೆ ನಲವತ್ತೇಳು. ಪಿ.ಎಫ್. ಇಲ್ಲ. ಪೆನ್ಷನ್ ಇಲ್ಲ. ಮೊಣಕಾಲಿನ ಕತೆ ಮುಗಿಯಿತು. ಇನ್ನೆಷ್ಟು ದಿನ ಜನರ ಕೆನ್ನೆಗೆ ಮುದ್ರೆ ಹಾಕಿಕೊಂಡಿರಲಿ? ತಿರುಗಿ ಹೋದೆ. ಸಾಲಿನಲ್ಲಿ ನಿಂತೆ. ಬೆರಳಿನಿಂದ ಉಂಗುರ ಕಿತ್ತು ಪಿಳ್ಳಣ್ಣನ ಕೈಗೆ ಹಾಕಿದೆ.

"ಓದಿ ಬೈಲಪ್ಪನವ್ರೇ," ಅಂದೆ. "ಬೀರೇಶ್. ಒಂದು ಉಂಗುರ."

ಜೀವಮಾನದ ಮೊದಲನೇ ಕಂತು!

ಅದಕ್ಕೇ ಇವತ್ತು ನಿಮ್ಮ ವಧೂವರರ ಕೇಂದ್ರದ ಮೆಟ್ಟಿಲು ಹತ್ತಿದ್ದು. ಇಲ್ಲ, ಆ ಆಲ್ಬಂ ತೆಗೆಯಬೇಡಿ. ಜಾತಕವೂ ಬೇಡ. ನಾನು ಪತ್ತೆ ಕೆಲಸದವನು, ಎಲ್ಲಾ ವಿಚಾರಿಸಿಕೊಂಡೇ ಬಂದಿದ್ದೇನೆ.

ಬೈಲಪ್ಪನವರು ಹೇಳಿದರು. ಈ ತಾಲ್ಲೂಕಿನ ಅರ್ಧ ಮದುವೆ ಮಾಡಿಸಿದ್ದು ನೀವೇ ಅಂತೆ. ಒಂದನ್ನೂ ಬಿಡದೆ ಎಲ್ಲಾದಕ್ಕೂ ಹೋಗಿ ಮುಯ್ಯಿ ಓದಿಸಿದ್ದೀರಂತೆ. ನಿಮ್ಮ ಸ್ವಂತದ್ದು ಮಾತ್ರ ಇನ್ನೂ ಆಗಿಲ್ಲವಂತೆ...

ನಗಬೇಡಿ ಶಶಿರೇಖಾ ಮೇಡಂ. ಅಷ್ಟೊಂದು ಡೆಪಾಸಿಟ್ಟನ್ನು ಊರವರ ಹತ್ತಿರವೇ ಬಿಟ್ಟುಬಿಡುತ್ತೀರಾ?!